ಉಬ್ಬಿದ ಡ್ರಮ್ಮು

೧೭-೧೦-೧೯೯೬, ಸಂಜೆ
ಪಾಂಡವಪುರ. ಇವತ್ತೂ ಟಾರ್ಪಾಲಿಗೆ ಎಣ್ಣೆ ಹಿಡಿಸುವ ಕೆಲಸ. ಸಿಲಿಕಾನಿಗೆ ಹೈಡ್ರೋಜನ್ ಅಂಟಿರುವ ಎಣ್ಣೆ — ಬಟ್ಟೆಗೆ ಹಿಡಿದರೆ ಮಳೆನೀರು ಜಾರಿ ಹೋಗುತ್ತದೆ. ಇದರ ಸ್ವಭಾವ ಬಲ್ಲ ಕೆಮಿಸ್ಟು ಫ್ಯಾಕ್ಟರಿಗೆ ನಾನೊಬ್ಬನೇ. ಆಯುಧಪೂಜೆಗೆಂದು ಗೋಡೆಗೆಲ್ಲ ಸುಣ್ಣ. ಮಿಕ್ಕ ಎಣ್ಣೆಯನ್ನು ಕೂಲಿಯ ಮಾರಮ್ಮನ ಕೈಲಿ ಡ್ರಮ್ಮಿಗೆ ವಾಪಸ್ ಸುರಿಸಿ, ಮುಚ್ಚಳ ಬಿಗಿ ಮಾಡಿಸಿದೆ. ಪೂಜೆಗೆ ಲತಳೂ ಬರುತ್ತಾಳೆ. ಮದುವೆಯಾದ ಮೇಲೆ ಮೊದಲ ದಸರಾ. ಯಾವ ಸೀರೆ ಉಡಲಿ ಅಂತ ಬೆಳಿಗ್ಗೆಯಿಂದ ಪ್ರಾಣ ತಿಂದಳು.

೨೪-೧೦, ಮೈಸೂರು ಆಸ್ಪತ್ರೆ
ಇಷ್ಟು ದಿನ ಪೆನ್ನು ಹಿಡಿಯಲಾಗಲಿಲ್ಲ. ಅಂಗೈ ಸುಟ್ಟಿದೆ. ನನಗೆ ಅಷ್ಟೇ ಆದದ್ದು.
ಪೂಜೆ ದಿನ ನೋಡಿದರೆ ಡ್ರಮ್ಮು ಉಬ್ಬಿದೆ. ಮಾರಮ್ಮ ಸುರಿದದ್ದು ಸುಣ್ಣ ಕಲಸಿದ್ದ ಬಕೆಟ್ಟಿನಿಂದ. ಸುಣ್ಣ ತಗುಲಿದರೆ ಈ ಎಣ್ಣೆ ಹೈಡ್ರೋಜನ್ ಬಿಡುತ್ತದೆ. ಓನರ್ ಶಿವಣ್ಣನವರಿಗೆ ಹೇಳಿದೆ.
“ಡ್ರಮ್ಮಿಗೂ ಕುಂಕುಮ ಇಟ್ಟಾಗದೆ ಕಣ್ಲಾ. ಪೂಜೆ ಆಗೋಗ್ಲಿ ಬುಡು, ಆಮೇಕೆ ನೋಡೀವಂತೆ.”
ಒಡೆದು ಹೋದೀತೆಂದು ನಾನೇ ಮುಚ್ಚಳ ಸಡಿಲಿಸಿದೆ. ಬುಸ್ಸೆಂದಿತು. ಪಕ್ಕದಲ್ಲೇ ಲತ. ಕೈಯಲ್ಲಿ ಆರತಿ ತಟ್ಟೆ, ಕರ್ಪೂರ ಉರಿಯುತ್ತಿತ್ತು… ದೂರ ಹೋಗು ಅಂತ ಒಂದು ಮಾತು ಬರಲಿಲ್ಲ ನನ್ನ ಬಾಯಿಗೆ.
ಬೆಂಕಿ ಭಗ್ಗೆಂದು ಅವಳ ಮುಖಕ್ಕೇ ಹೊಡೆಯಿತು. ಈಗ ಅವಳ ಮುಖ ಪೂರ್ತಿ ಪಟ್ಟಿ. ಕಣ್ಣಿನ ವಿಷಯ ಈಗಲೇ ಹೇಳಲಾಗದು ಅನ್ನುತ್ತಾರೆ.

೨೮-೧೦
ಅವ್ವ ಬಂದಿದ್ದಳು. ಲತಳ ಕಿವಿಗೆ ಬೀಳುವ ಹಾಗೆಯೇ ಅಂದಳು — “ಆರ್ತಿ ಇಡ್ದೋಳ ಕೈಗುಣ ಕಣ್ಲಾ ತಿಮ್ಮೇಶ. ಅಮ್ಮ ಮುನಿಸ್ಕೊಂಡವ್ಳೆ.”
“ಮುಚ್ಚಳ ತೆಗ್ದೋನು ನಾನು ಕಣವ್ವ.”
ನಂಬಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು.
ಅವ್ವ ಹೋದ ಮೇಲೆ ಲತ ಮೆಲ್ಲಗೆ — “ನನ್ ಕೈಗುಣ ಅಂತಾನೇ ಇರ್ಲಿ ಬುಡಿ. ನೀವು ಅಂತ ಗೊತ್ತಾದ್ರೆ ಕೆಲ್ಸ ಓಯ್ತದೆ.”
ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

೩-೧೧
ಬಿ.ಎಸ್ಸಿ. ಓದಿ ಏನು ಕಿಸಿದೆ? ಏನೂ ಗೊತ್ತಿಲ್ಲದವನಾಗಿದ್ದರೆ ಆ ಮುಚ್ಚಳ ಮುಟ್ಟುತ್ತಲೇ ಇರಲಿಲ್ಲ. ಲತಳಿಗೆ ಗಂಜಿ ಕುಡಿಸಿದೆ. ಬೇರೆ ಏನೂ ಮಾಡಲಿಲ್ಲ.

೯-೧೧, ಮಧ್ಯಾಹ್ನ
ಪಟ್ಟಿ ಬಿಚ್ಚಿದರು. ಅವಳನ್ನು ಕಿಟಕಿಗೆ ಎದುರಾಗಿ ಕೂರಿಸಿ, ಕಣ್ಣ ಮೇಲಿನ ಹತ್ತಿಯನ್ನೂ ತೆಗೆದರು ಡಾಕ್ಟರು. ಒಳ್ಳೇ ಬಿಸಿಲಿತ್ತು. ನನ್ನ ತೋಳು ಹಿಡಿದುಕೊಂಡು ಕಾಯುತ್ತಿದ್ದಳು.
“ಅತ್ತಿ ಯಾವಾಗ ತೆಗೀತಾರಂತೆ, ರೀ?”
ಹತ್ತಿ ಡಾಕ್ಟರ ಕೈಯಲ್ಲಿತ್ತು. ಅವರು ನನ್ನ ಮುಖ ನೋಡಿದರು. ನಾನೇ ಹೇಳಬೇಕಿತ್ತು. ಲತಾ, ಅಂದೆ. ಲತಾ —