ಅಂಗೈಯಗಲದ ಕೋಣೆಗೊಂದು ಫ್ಯಾನು

ಏಪ್ರಿಲ್ ೧೭, ಭಾನುವಾರ

ಪ್ರೀತಿಯ ತಂಗಿಗೆ,

ನೀನೂ ಮಕ್ಕಳೂ ಚೆನ್ನಾಗಿದ್ದೀರೆಂದು ಓದಿ ಜೀವ ತಣ್ಣಗಾಯಿತು. ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತೆ, ಬೇಸರ ಮಾಡಿಕೊಳ್ಳಬೇಡ. ದಿನಚರಿಯಲ್ಲಿ ಒಂದೆರಡು ಸಾಲು ಗೀಚುತ್ತೇನೆ, ಅಷ್ಟೇ. ನಮ್ಮವರು ಹೋದ ಮೇಲೆ ಇನ್ನೊಬ್ಬರಿಗೆ ಹೇಳುವಂಥದ್ದು ಏನೂ ಇರಲಿಲ್ಲ. ಈಗ ಇದೆ. ಮನೆಗೆ ಹೊಸ ಫ್ಯಾನು ಬಂದಿದೆ.

ನಮ್ಮವರು ಮಲಗುತ್ತಿದ್ದ ಹಿಂದಿನ ಕೋಣೆ ನೆನಪಿದೆಯಲ್ಲ. ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಸೂರು ತಲೆಯ ಮೇಲೇ ಕೂತಂತಿದೆ. ಇನ್ನು ಮುಂದೆ ಅವರ ಅಣ್ಣ, ನಮ್ಮ 'ದೊಡ್ಡವರು', ಮಧ್ಯಾಹ್ನ ಅಲ್ಲಿ ಮಲಗುತ್ತಾರಂತೆ. ರಸ್ತೆಯ ಗಲಾಟೆ ಕೇಳಿಸುವುದಿಲ್ಲವಂತೆ. ನನ್ನನ್ನು ಕೇಳಲಿಲ್ಲ, ಹೇಳಿದರು. ಈ ಮನೆಯಲ್ಲಿ ಅವರನ್ನು ಕೇಳದೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಅವರು ಮಾತ್ರ ಯಾರನ್ನೂ ಕೇಳಬೇಕಾಗಿಲ್ಲ.

ಅಂಗಡಿಗೆ ನನ್ನನ್ನೂ ಕರೆದೊಯ್ದರು, ಪೆಟ್ಟಿಗೆ ಹಿಡಿಯಲು ಇನ್ನೊಂದು ಜೊತೆ ಕೈ ಬೇಕಿತ್ತು. ಅಂಗಡಿಯವನು "ರೂಮು ಎಷ್ಟು ದೊಡ್ಡದು ಸಾರ್?" ಎಂದ.

"ರೂಮಿನ ಮಾತು ಬಿಡಿ. ಇರೋದ್ರಲ್ಲಿ ದೊಡ್ಡದು ತೋರಿಸಿ."

"ಭಾವ, ಆ ಕೋಣೆಗೆ ಚಿಕ್ಕ ರೆಕ್ಕೆಯದು ಸಾಕಲ್ವಾ?" ಎಂದೆ.

"ನೋಡಮ್ಮ, ರೆಕ್ಕೆ ಉದ್ದ ಇದ್ದಷ್ಟೂ ಗಾಳಿ ಜಾಸ್ತಿ. ಇದೆಲ್ಲ ನಿನ್ನ ತಲೆಗೆ ಹೋಗಲ್ಲ."

ರೆಕ್ಕೆಗೊಂದು ಚಿನ್ನದ ಬಣ್ಣದ ಹೂವಿದ್ದ, ಸಭಾಂಗಣಕ್ಕೆ ಹೇಳಿಮಾಡಿಸಿದಂಥ ಫ್ಯಾನು ಆರಿಸಿದರು. ಆರಿಸುವಾಗ ಆ ಮುಖದ ಗಾಂಭೀರ್ಯ ನೋಡಬೇಕಿತ್ತು.

ಎಲೆಕ್ಟ್ರಿಷಿಯನ್ ಪೆಟ್ಟಿಗೆಯಲ್ಲಿದ್ದ ಉದ್ದ ಕೊಳವೆಗೇ ಫ್ಯಾನು ತೂಗುಹಾಕಿದ. ರೆಕ್ಕೆ ದೊಡ್ಡವರ ಹಣೆಯ ಮಟ್ಟಕ್ಕೆ ಬಂತು. "ಸಾರ್, ಇನ್ಮೇಲೆ ಶರ್ಟು ಕೂತ್ಕೊಂಡೇ ಹಾಕ್ಕೊಳ್ಳಿ" ಎಂದ ಪುಣ್ಯಾತ್ಮ. ಇವರಿಗೆ ಸಿಟ್ಟು ಬಂತು. "ಕೊಳವೆ ಕತ್ತರಿಸು, ಪೂರ್ತಿ ಮೇಲೆತ್ತು" ಎಂದರು. "ಗಾಳಿ ಕೆಳಗೆ ಬರಲ್ಲ ಸಾರ್" ಎಂದದ್ದಕ್ಕೆ, "ನಂಗೆ ಪಾಠ ಹೇಳ್ಬೇಡ" ಎಂಬ ಉತ್ತರ. ಅವನು ಭುಜ ಕುಣಿಸಿ ಕತ್ತರಿಸಿದ.

ಈಗ ಫ್ಯಾನು ಸೂರಿಗೆ ಬೆನ್ನುಜ್ಜಿಕೊಂಡು ತಿರುಗುತ್ತದೆ. ಸದ್ದು ಮನೆಯೆಲ್ಲ ತುಂಬುತ್ತದೆ, ಗೋಡೆಯ ಕ್ಯಾಲೆಂಡರಿನ ಒಂದು ಹಾಳೆಯೂ ಅಲುಗುವುದಿಲ್ಲ. ದೊಡ್ಡವರು ಅದರಡಿ ಅಂಗಾತ ಮಲಗಿ, ಬನಿಯನ್ ಒದ್ದೆಯಾಗಿ ಮೈಗೆ ಅಂಟಿದ್ದರೂ, "ಏನು ಗಾಳಿ, ಏನು ಗಾಳಿ" ಎನ್ನುತ್ತಾರೆ. ನನ್ನ ಓರಗಿತ್ತಿ ಕುತ್ತಿಗೆ ಒರೆಸಿಕೊಳ್ಳುತ್ತ, "ಚಳಿ ಆಗುತ್ತೇನೋ ಕಣ್ರೀ, ಸ್ವಲ್ಪ ಕಡಿಮೆ ಮಾಡ್ಲಾ?" ಎಂದು ಕೇಳುತ್ತಾಳೆ. "ಬೇಡ, ಇರ್ಲಿ ಬಿಡು, ತಡ್ಕೋತೀನಿ." ನಿನ್ನೆಯಿಂದ ಕೋಣೆಯೇ ಸರಿಯಿಲ್ಲ ಎಂದು ಶುರುವಾಗಿದೆ. ಕುಣಿಯಲಾರದವಳಿಗೆ ನೆಲ ಡೊಂಕಲ್ಲವೇ.

ಆ ಕೋಣೆಯಿಂದ ಇಳಿಸಿ ಮೂಲೆಗೆಸೆದಿದ್ದ ಹಳೆಯ ಫ್ಯಾನನ್ನು ಅವತ್ತೇ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. "ಕಂಡೆನ್ಸರ್ ಹೋಗಿದೆ, ಅಷ್ಟೇ ಅಮ್ಮ" ಎಂದ. ಹೆಬ್ಬೆರಳಿನಷ್ಟು ದಪ್ಪದ ಒಂದು ಡಬ್ಬಿ. ನಾನು ಕೊಟ್ಟ ಕಾಫಿ ಆರುವುದರೊಳಗೆ ಬದಲಾಯಿಸಿದ. ಅದನ್ನು ಅಡುಗೆಮನೆಗೆ ಹಾಕಿಸಿಕೊಂಡೆ. ದೊಡ್ಡವರನ್ನು ನಾನೂ ಕೇಳಲಿಲ್ಲ, ಹೇಳಿದೆ. ಒಲೆ ಆರಿಹೋಗುವಷ್ಟು ಗಾಳಿ ಬರುತ್ತದೆ.

ಮಕ್ಕಳ ತಲೆ ನನ್ನ ಪರವಾಗಿ ನೇವರಿಸು. ನಿನ್ನ ಸಂಸಾರ ಸದಾ ತಂಪಾಗಿರಲಿ.

ನಿನ್ನ
ಅಕ್ಕ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಕೊನೆಯ ದಿನಗಳಲ್ಲಿ ನಮ್ಮವರು ಸೆಖೆ ಸೆಖೆ ಎಂದು ಹೊರಳಾಡುತ್ತಿದ್ದರು. ಆ ಹಳೆಯ ಫ್ಯಾನನ್ನು ರಿಪೇರಿ ಮಾಡಿಸಿಕೊಡಿ ಎಂದು ದೊಡ್ಡವರನ್ನು ಬೇಡಿಕೊಂಡಿದ್ದೆ. ಅವರು ಬಾಗಿಲಲ್ಲೇ ನಿಂತು, "ಇನ್ನೆಷ್ಟು ದಿನಕ್ಕೆ ಅಂತ?" ಎಂದರು. ಮೆಲ್ಲಗೇ ಎಂದರು. ಆದರೆ ಅದು ಅಂಗೈಯಗಲದ ಕೋಣೆ. ನಮ್ಮವರು ಗೋಡೆ ಕಡೆ ತಿರುಗಿದರು. ಆಮೇಲೆ ನಾನು ರಟ್ಟು ಹಿಡಿದು ಬೀಸುತ್ತಿದ್ದರೂ, ಒಂದು ಸಲವೂ ಸೆಖೆ ಎನ್ನಲಿಲ್ಲ.