ಒಂದು ಗೆಣ್ಣು ಸಾಕು

ಜೂನ್ 2, ಭಾನುವಾರ. ಬೆಳಿಗ್ಗೆ 11

ಹದಿಮೂರು ಜನ ಬಂದಿದ್ದರು. ಇಬ್ಬರು ತಡ. ತಡವಾದವರಿಗೆ ಹಳ್ಳದ ಬದಿಯ ಕೆಸರು ಕೊಟ್ಟೆ. ಬುದ್ಧಿ ಬರಲಿ. ಒಂಬತ್ತು ಚೀಲ ನೆಂಟ ಕಿತ್ತೆವು. ಈ ಬಳ್ಳಿಗೆ ಪುಸ್ತಕದಲ್ಲಿ ಏನೋ ಉದ್ದದ ಹೆಸರಿದೆ. ನೆಂಟ ಎಂದು ಕರೆದವರು ನಮ್ಮ ಗುಂಪಿನ ಮೇಷ್ಟ್ರು — ಎಲ್ಲಿಂದಲೋ ಬಂದ, ಇದ್ದವರ ತಲೆ ಮೇಲೆ ಹತ್ತಿ ಕೂತ, ಹೊರಡುವ ಮಾತೇ ಇಲ್ಲ. ನಾನು ಈ ಗುಂಪು ಕಟ್ಟಿದಾಗ, ಎಂಟು ವರ್ಷದ ಹಿಂದೆ, ಪಾರ್ಕಿನ ಈ ತೋಪಿನಲ್ಲಿ ಮರ ಯಾವುದು ಬಳ್ಳಿ ಯಾವುದು ತಿಳಿಯುತ್ತಿರಲಿಲ್ಲ. ಈಗ ಆಕಾಶ ಕಾಣುತ್ತದೆ. ನೆಟ್ಟ ಸಸಿಗಳು ಸೊಂಟದೆತ್ತರ.

ನನ್ನ ನಿಯಮ ಎಲ್ಲರಿಗೂ ಬಾಯಿಪಾಠ. ಬೇರು ಕಪ್ಪು ಚೀಲಕ್ಕೆ, ಬಾಯಿ ಕಟ್ಟಿ ಎರಡು ತಿಂಗಳು ಬಿಸಿಲಿಗೆ. ಎಲೆ, ಕಾಂಡ ನಮ್ಮ ಹಿತ್ತಲಿನ ಗೊಬ್ಬರದ ಗುಂಡಿಗೆ. ಇದು ಹೋದ ವರ್ಷದಿಂದ ಮಾಡಿದ್ದು. ಸುಮ್ಮನೆ ಹಾಳು ಮಾಡುವುದೇಕೆ? ಆ ಗೊಬ್ಬರ ಸಸಿಗಳ ಬುಡಕ್ಕೇ ಹೋಗುತ್ತದೆ, ಒಂದಕ್ಕೆ ಒಂದು ಬುಟ್ಟಿ.

ಹೊಸಬ ಒಬ್ಬ ಬಂದಿದ್ದ. ಮೂಲೆಯ ನರ್ಸರಿಯವನು. ಗಿಡ ಮಾರುವವನಿಗೆ ಗಿಡ ಕೀಳುವ ಕಡೆ ಏನು ಕೆಲಸ?

“ಅಕ್ಕಾ, ಬೇರೇ ಬೇಕು ಅಂತಿಲ್ಲ. ಇದರದ್ದು ಒಂದು ಗೆಣ್ಣು ಸಾಕು, ಚಿಗುರಿಬಿಡುತ್ತೆ” ಎಂದ.

ನಾನು ಇವನಿಗೆ ಯಾವಾಗ ಅಕ್ಕ ಆದೆ?

“ನಾನು ಎಂಟು ವರ್ಷದಿಂದ ಕೀಳ್ತಾ ಇದೀನಿ. ನೀವು ಬಂದು ಒಂದು ಗಂಟೆ ಆಯ್ತು” ಎಂದೆ.

ನಕ್ಕ. ನಗುವಂಥದ್ದು ನಾನೇನೂ ಹೇಳಿರಲಿಲ್ಲ.

ಜೂನ್ 5, ಬುಧವಾರ

ಎರಡು ದಿನ ಮಳೆ. ಸೊಸೆ ಬಾಲ್ಕನಿಯ ಕುಂಡಗಳ ಮಣ್ಣನ್ನೆಲ್ಲ ಸುರಿದು ಚೀಲದಲ್ಲಿ ಕಟ್ಟಿದ್ದಾಳೆ. ನಾನು ಕೊಟ್ಟ ಗೊಬ್ಬರ ಹಾಕಿದ ಮಣ್ಣು! ಏಕೆಂದು ಕೇಳಿದರೆ “ಹುಳ ಆಗಿತ್ತು ಅತ್ತೆ” ಎಂದಳು. ನನ್ನ ಮುಖ ನೋಡದೆ ಹೇಳಿದಳು. ನನ್ನ ಗೊಬ್ಬರದಲ್ಲಿ ಹುಳ ಆಗುವುದಿಲ್ಲ.

ಜೂನ್ 9, ಭಾನುವಾರ. ಮಧ್ಯಾಹ್ನ

ನೆಂಟ ವಾಪಸ್ಸು ಬಂದಿದ್ದಾನೆ.

ಎಲ್ಲೆಂದರಲ್ಲಿ ಅಲ್ಲ. ಸಸಿಗಳ ಬುಡದಲ್ಲಿ ಮಾತ್ರ. ಬಳೆ ಇಟ್ಟ ಹಾಗೆ, ಸುತ್ತಲೂ. ನಡುವಿನ ಖಾಲಿ ನೆಲದಲ್ಲಿ ಒಂದು ಚಿಗುರಿಲ್ಲ. ಬಳ್ಳಿ ತಾನಾಗಿ ಹೀಗೆ ಅಳತೆ ಹಿಡಿದು ಬೆಳೆಯುತ್ತದೆಯೇ?

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. “ಅಮ್ಮ, ಇದು ಯಾರೋ ಕೈಯಾರೆ ಇಟ್ಟ ಹಾಗಿದೆ.”

ನರ್ಸರಿಯವನು ಒಂದು ಹಿಡಿ ಮಣ್ಣು ತೆಗೆದ. ಬೆರಳಲ್ಲಿ ಹೊಸಕಿದ. ಮೂಸಿದ. ಆಮೇಲೆ ನನ್ನನ್ನು ನೋಡಿದ. ಆ ನೋಟ ನನಗೆ ಗೊತ್ತು. ಸಿಕ್ಕಿಬಿದ್ದೆನೋ ಇಲ್ಲವೋ ಎಂದು ಅಳೆಯುವವರ ನೋಟ.

ಇದೇ ಹೊತ್ತಿಗೆ ಪಾರ್ಕ್ ಆಫೀಸಿನ ಕಾಗದವೂ ಬಂದಿದೆ. ಮೂವತ್ತಕ್ಕೆ ಇನ್‌ಸ್ಪೆಕ್ಷನ್. ಸಸಿಗಳ ಜಾಗದಲ್ಲಿ ಬಳ್ಳಿ ಕಂಡರೆ ನಮ್ಮ ಗುಂಪನ್ನು ಬಿಡಿಸಿ, ಮಷಿನ್ ತಂದು ನೆಲವನ್ನೆಲ್ಲ ಕೆರೆಸುತ್ತಾರಂತೆ. ಸಸಿಗಳ ಸಮೇತ.

ಸಿಕ್ಕಷ್ಟು ಕಿತ್ತೆವು. ಎಲೆ, ಕಾಂಡ ಎಂದಿನಂತೆ ನಾನೇ ಮನೆಗೆ ತಂದು ಗುಂಡಿಗೆ ಹಾಕಿದೆ.

ಜೂನ್ 12, ಬುಧವಾರ

ಗೊಬ್ಬರ ತುಂಬುತ್ತಿದ್ದೆ. ಸೊಸೆ ಬಂದು ಬುಟ್ಟಿಗೆ ಕೈ ಅಡ್ಡ ಹಿಡಿದಳು.

“ಈ ಸಲ ಬೇಡ ಅತ್ತೆ. ಇನ್ನೂ ಹಸಿ ಇದೆ, ಕೊಳೆತಿಲ್ಲ.”

“ನೀನು ಹುಟ್ಟೋಕೆ ಮೊದಲಿಂದ ಗೊಬ್ಬರ ಮಾಡ್ತಿದೀನಿ. ನನಗೆ ಪಾಠ ಹೇಳ್ತೀಯಾ?”

“ಪಾಠ ಅಲ್ಲ ಅತ್ತೆ...”

“ಮತ್ತೇನು?”

ಒಳಗೆ ಹೋದಳು. ಪಾತ್ರೆಗಳ ಸದ್ದು ಜೋರಾಯಿತು. ಮಗ ಪೇಪರಿನ ಹಿಂದೆ ಅವಿತುಕೊಂಡ. ಅವನಿಗೆ ಅದೊಂದು ಕಲೆ ಚೆನ್ನಾಗಿ ಬರುತ್ತದೆ.

ಜೂನ್ 16, ಭಾನುವಾರ. ಸಂಜೆ

ಹೇಳಿಬಿಟ್ಟೆ. ಎಲ್ಲರ ಎದುರಿಗೆ, ಗೇಟಿನ ಹತ್ತಿರ.

“ನೀವು ಬಂದ ವಾರವೇ ಬಳ್ಳಿ ಬಂತು. ಒಂದು ಗೆಣ್ಣು ಸಾಕು ಅಂತ ನೀವೇ ಹೇಳಿದ್ರಿ. ಅಷ್ಟು ಗೊತ್ತಿರೋರು ಇಲ್ಲಿ ಬೇರೆ ಯಾರಿದಾರೆ? ಗುಂಪು ಹೋದ್ರೆ ಹೊಸ ಗಿಡ ನೆಡೋ ಕೆಲಸ ಯಾರಿಗೆ ಸಿಗುತ್ತೆ, ಅದನ್ನೂ ಹೇಳಿ.”

ಮೇಷ್ಟ್ರು ಚಪ್ಪಲಿಯ ಕೆಸರು ಕೆರೆಯುತ್ತಾ ನಿಂತರು.

ಅವನು ಕೈಗವಸು ಬಿಚ್ಚಿ ಮಡಿಸಿ ಕಲ್ಲಿನ ಮೇಲಿಟ್ಟ. “ನಾನು ಬಾಯಿ ಬಿಟ್ರೆ ನಿಮಗೇ ಬೇಜಾರಾಗುತ್ತೆ ಅಕ್ಕ” ಎಂದು ಹೊರಟ.

ಬೆದರಿಕೆ ಬೇರೆ! ಮನೆಗೆ ಬಂದವಳೇ ಆಫೀಸಿಗೆ ಕಾಗದ ಬರೆದೆ. ಅವನನ್ನು ತೋಪಿನೊಳಗೆ ಬಿಡಬಾರದು, ಬಳ್ಳಿ ಇಟ್ಟವನು ಅವನೇ. ಕೆಳಗೆ ನನ್ನ ಸಹಿ. ನಾನೇ ಹೋಗಿ ಕೊಟ್ಟು ಬಂದೆ.

ಜೂನ್ 25, ಮಂಗಳವಾರ

ಬರೆಯುವ ಮನಸ್ಸಿರಲಿಲ್ಲ. ಭಾನುವಾರ ಆರೇ ಜನ. ಕಿತ್ತರು, ಹೋದರು. ಹರಟೆ ಇಲ್ಲ.

ಆದರೆ ಒಂದು ಲೆಕ್ಕ ಬಗೆಹರಿಯುತ್ತಿಲ್ಲ. ಹಳ್ಳದ ಕಡೆಯ ಸಾಲಿನಲ್ಲಿ ಒಂದು ಚಿಗುರೂ ಇಲ್ಲ. ಹೋದ ವಾರ ಅಲ್ಲಿ ಸಸಿಗಳ ಬುಡವೇ ಕಾಣುತ್ತಿರಲಿಲ್ಲ. ಕಿತ್ತವರು ಯಾರು? ಇಟ್ಟವನೇ ಹೆದರಿ ತೆಗೆದನೇ?

ಮನೆಯಲ್ಲೂ ಏನೋ ನಡೆದಿದೆ. ಮೊಳೆಗೆ ತೂಗುಹಾಕಿದ್ದ ನನ್ನ ಕೈಗುದ್ದಲಿ ಎರಡು ದಿನದಿಂದ ಒದ್ದೆ. ಸೊಸೆಯ ಬೂಟಿನಲ್ಲಿ ಕೆಂಪು ಕೆಸರು. ವಾಕಿಂಗ್ ಅನ್ನುತ್ತಾಳೆ. ಡಾಂಬರು ರಸ್ತೆಯಲ್ಲಿ ಯಾವ ಕೆಂಪು ಕೆಸರು? ಇವತ್ತು ಫೋನಿನಲ್ಲಿ — “ಅತ್ತೆಗೆ ಮಾತ್ರ ಗೊತ್ತಾಗಬಾರದು.” ಸಂಜೆ ನೋಡಿದರೆ ನರ್ಸರಿಯ ಬಾಗಿಲಲ್ಲಿ ನಿಂತು ಅವನ ಜೊತೆಯೇ ಮಾತಾಡುತ್ತಿದ್ದಳು.

ನನ್ನ ಮನೆಯ ಅನ್ನ ಉಂಡು, ಅವನ ಜೊತೆ ಸೇರಿ ನನ್ನ ಕಣ್ಣಿಗೆ ಮಣ್ಣೆರಚುವುದು.

ಜೂನ್ 28, ಶುಕ್ರವಾರ. ಬೆಳಿಗ್ಗೆ 9

ಹಿಂದೆಯೇ ಹೋದೆ. ಆರೂಕಾಲಕ್ಕೆ ಹೊರಟಳು. ನೇರ ತೋಪಿಗೆ. ಗೇಟಿನ ಕಡೆಯ ಸಾಲಿನಲ್ಲಿ ಮಂಡಿಯೂರಿ ಕೂತಿದ್ದಳು. ಪಕ್ಕದಲ್ಲಿ ಕಪ್ಪು ಚೀಲ.

“ನೆಡ್ತಾ ಇದೀಯಾ?”

ಬೆಚ್ಚಿದಳು. “ಕೀಳ್ತಾ ಇದೀನಿ ಅತ್ತೆ. ಮೂರು ವಾರದಿಂದ.”

“ನೆಟ್ಟವರು ಯಾರು? ಹೇಳು.”

ಸಸಿಯ ಬುಡದಿಂದ ಒಂದು ಹೆಂಟೆ ಗೊಬ್ಬರ ತೆಗೆದು ಅಂಗೈಯಲ್ಲಿ ಮುರಿದಳು. ಒಳಗೆ ಬಳ್ಳಿಯ ತುಂಡು, ಬೆರಳಿನ ಗೆಣ್ಣಿನಷ್ಟು. ಅದರಿಂದ ಒಂದು ಬಿಳೀ ಬೇರು ಹೊರಟಿತ್ತು, ದಾರದ ಎಳೆಯಂತೆ.

“ಮೊದಲು ನನ್ನ ಕುಂಡದಲ್ಲಿ ಬಂತು” ಎಂದಳು.

ಗೊಬ್ಬರ ನನ್ನದು. ವಾಸನೆಯಲ್ಲೇ ಗೊತ್ತಾಗುತ್ತದೆ.

“ಬಾಯಿ ಇರಲಿಲ್ವಾ ನಿನಗೆ?”

“ಇತ್ತು ಅತ್ತೆ. ಹಸಿ ಇದೆ ಅಂದೆ.”

“ಆ ನರ್ಸರಿಯವನು?”

“ಅವರಿಗೆ ಕುಂಡದ ಚಿಗುರು ತೋರಿಸಿದ್ದೆ. ಆ ಭಾನುವಾರ ಮಣ್ಣು ಮೂಸಿದಾಗ ಖಾತ್ರಿ ಆಯ್ತಂತೆ. ಅಕ್ಕನಿಗೆ ಹೇಳೋದು ಬೇಡ, ಇನ್‌ಸ್ಪೆಕ್ಷನ್‌ಗೆ ಮೊದಲು ನಾವೇ ಕಿತ್ತುಬಿಡೋಣ ಅಂದ್ರು. ಈ ಸಾಲು ನನ್ನದು, ಹಳ್ಳದ ಕಡೆ ಅವರದ್ದು.”

“ನಾನು ಬೈದ ಮೇಲೂ?”

“ಮಾರನೇ ದಿನವೂ ಬಂದಿದ್ರು ಅತ್ತೆ.”

ನನಗೂ ಮಂಡಿಯೂರುವುದು ಬರುತ್ತದೆ. ಎಂಟೂವರೆಯ ತನಕ ಕಿತ್ತೆವು.

ಜೂನ್ 29, ಶನಿವಾರ

ಗುಂಡಿಯ ಗೋಣಿತಾಟು ಎತ್ತಿ ನೋಡಿದೆ. ಒಳಗೆಲ್ಲ ಹಸಿರು. ಬಿಸಿಲು ಕಾಣದೆ ತಿಳಿಬಣ್ಣಕ್ಕೆ ತಿರುಗಿದ ಹಸಿರು. ಇಡೀ ವರ್ಷ ಇದನ್ನೇ ಬುಟ್ಟಿ ಬುಟ್ಟಿ ಹೊತ್ತು ಸಸಿಗಳಿಗೆ ಹಾಕಿದೆ.

ಸೊಸೆ ಹೇಳುತ್ತಾಳೆ, “ಸುಮ್ಮನಿದ್ದುಬಿಡಿ ಅತ್ತೆ. ನಾಳೆಗೆ ಜಾಗ ಚೊಕ್ಕವಾಗಿರುತ್ತೆ. ನಮ್ಮಿಂದಲೇ ಬಂತು ಅಂತ ಗೊತ್ತಾದ್ರೆ ಗುಂಪನ್ನ ತೆಗೆದೇ ತೆಗೀತಾರೆ. ಸಸಿ ಉಳಿಯಲ್ಲ. ನರ್ಸರಿಯವರೂ ಅದನ್ನೇ ಹೇಳಿದ್ರು.”

ಸರಿಯಾದ ಮಾತು. ಇವಳು ಲೆಕ್ಕದಲ್ಲಿ ತಪ್ಪುವವಳಲ್ಲ. ಆದರೆ ಫೈಲಿನಲ್ಲಿ ನನ್ನ ಸಹಿ ಇದೆ. ಆ ಮನುಷ್ಯ ಇನ್ನು ತೋಪಿಗೆ ಕಾಲಿಟ್ಟರೆ ಕಳ್ಳ.

ಎಲ್ಲರನ್ನೂ ಅನುಮಾನಿಸಿದೆ. ನನ್ನ ಬುಟ್ಟಿಯನ್ನು ಬಿಟ್ಟು.

ಜೂನ್ 30, ಭಾನುವಾರ. ಬೆಳಿಗ್ಗೆ 6:20

ನರ್ಸರಿಗೆ ಹೋಗಿ ಬಂದೆ. ಶಟರ್ ಹಾಕಿತ್ತು. ಎಲ್ಲಿರುತ್ತಾರೆ ಎಂದು ಗೊತ್ತು. ಹಳ್ಳದ ಕಡೆಯ ಸಾಲಿನಲ್ಲಿ.

ಆಫೀಸರ್ ಏಳಕ್ಕೆ. ಗುಂಡಿಯಿಂದ ಒಂದು ಹೆಂಟೆ ತೆಗೆದು ಹಳೇ ಪೇಪರಿನಲ್ಲಿ ಸುತ್ತಿದ್ದೇನೆ. ಚಿಗುರು ಸಮೇತ.

ಸೊಸೆ ಬಾಗಿಲಲ್ಲಿ. “ಕೈಯಲ್ಲೇನು ಅತ್ತೆ?”

“ನೆಂಟ.”

“ಬೇಡ ಅತ್ತೆ...”

“ಬೂಟು ಹಾಕ್ಕೋ. ತಡ ಆದವರಿಗೆ ಕೆಸರು.”

ಮಷಿನ್ ಬಂದರೆ ಮೊದಲ ಸಸಿಯ ಮುಂದೆ ನಿಲ್ಲುವವಳು ನಾನೇ. ಅದು ಆಮೇಲಿನ ಮಾತು. ಆಫೀಸರ್ ನನ್ನ ಕಾಗದ ತೆಗೆದು ಕೇಳುವ ಮೊದಲೇ, ಎಲ್ಲರೂ ಇರುವಾಗ, ಅದೇ ಗೇಟಿನ ಹತ್ತಿರ ಹೇಳಬೇಕು. ಒಂದೇ ಸಾಲು. ಬರೆದು ಬಾಯಿಪಾಠ ಮಾಡಿಕೊಳ್ಳುತ್ತೇನೆ, ನಾಲಿಗೆ ತೊದಲಬಾರದು —

ಬಳ್ಳಿ ತಂದು ಹಾಕಿದವಳು ನಾನೇ.