ಕ್ಯಾಂಟೀನಿನಲ್ಲಿ ಕೂತವರೆಲ್ಲ ಒಳಗಿನವರೇ?

ಧ್ವನಿ ಭಂಡಾರದ ಮುಖ್ಯಾಧಿಕಾರಿಗಳಿಗೆ, ಎಲ್ಲರೂ ಓದಲೆಂದೇ ಬರೆದ ಪತ್ರ

ಮಾನ್ಯರೇ,

ಮೊನ್ನೆ ಮಧ್ಯಾಹ್ನ ಚಹಾ ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತಲ್ಲೇ ಜೊಂಪು ಹತ್ತಿ ಒಂದು ಕೆಟ್ಟ ಕನಸು ಬಿತ್ತು. ನನ್ನ ಅಕ್ಕನ ಬಾಯನ್ನು ಯಾರೋ ಕಳಚಿ ತಂದು ಕ್ಯಾಂಟೀನಿನ ಮೇಜಿನ ಮೇಲೆ, ಸಕ್ಕರೆ ಡಬ್ಬಿಯ ಪಕ್ಕ ಇಟ್ಟಿದ್ದರು. ಅದು ತಾನೇ ಮಾತಾಡುತ್ತಿತ್ತು. ಬಂದವರು ಹೋದವರು ಚಮಚ ಎತ್ತಿಕೊಂಡ ಹಾಗೆ ಅದನ್ನು ಎತ್ತಿ, ಕಿವಿಗೆ ಹಿಡಿದು ಕೇಳಿ, ಮತ್ತೆ ಅಲ್ಲೇ ಇಡುತ್ತಿದ್ದರು. ಕೆಟ್ಟ ಕನಸಿನಲ್ಲಿ ಒಂದೇ ಒಂದು ಒಳ್ಳೆಯದಿದೆ, ಎದ್ದ ಮೇಲೆ ಅದು ಸುಳ್ಳಾಗುತ್ತದೆ. ಇದು ಸುಳ್ಳಾಗಲಿಲ್ಲ. ಯಾಕೆಂದರೆ ಅದಕ್ಕೆ ಮುಂಚೆಯೇ ಇದೆಲ್ಲ ಎಚ್ಚರದಲ್ಲಿ ನಡೆದುಹೋಗಿತ್ತು. ಬೀಗ ಹಾಕಿ ಇಡುತ್ತೇವೆಂದು ಹೇಳಿ ನೀವು ಪಡೆದುಕೊಂಡ ನನ್ನಕ್ಕನ ಮಾತನ್ನು, ಲಾಗಿನ್ ವ್ಯವಸ್ಥೆ ಬದಲಿಸುವ ಭರಾಟೆಯಲ್ಲಿ ನಿಮ್ಮ ಕಚೇರಿಯೇ ಕ್ಯಾಂಟೀನಿಗೆ ಬಿಟ್ಟುಕೊಟ್ಟಿದೆ. ನನ್ನ ದೂರು ಇಷ್ಟೇ. ಇಷ್ಟೇ ಅಂದೆ, ಆದರೆ ಇದನ್ನು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ.

ನಾನು ಓದನ್ನು ಅರ್ಧಕ್ಕೆ ಬಿಟ್ಟವಳು. ಆಮೇಲೆ ಸಂಜೆಶಾಲೆಗೆ ಸೇರಿದೆ, ಅದನ್ನೂ ಮುಚ್ಚಿದರು. ಹಾಗಾಗಿ ಈ ಪತ್ರದಲ್ಲಿ ಅಕ್ಷರ ತಪ್ಪಿದ್ದರೆ ಕ್ಷಮಿಸಿ. ತಪ್ಪು ಹುಡುಕುವ ಕಣ್ಣು ನಿಮ್ಮ ಕಚೇರಿಯಲ್ಲಿ ಇನ್ನೂ ಉಳಿದಿದೆ ಅನ್ನುವುದಾದರೆ. ಮನೆ ಬಿಡುವಾಗ ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ ಬೀದಿಯ ತುದಿಯಿಂದ ವಾಪಸ್ ಬಂದು ನೋಡುವ ಜಾತಿ ನಂದು. ನಮ್ಮ ಮನೆಯಲ್ಲಿ ಎಲ್ಲರೂ ಇದಕ್ಕೆ ನಗುತ್ತಾರೆ. ಬಾಗಿಲು ಹಾಕಿದೆಯೋ ಇಲ್ಲವೋ ಅಂತ ಇನ್ನೊಮ್ಮೆ ತಳ್ಳಿ ನೋಡುವ ಒಬ್ಬರಾದರೂ ನಿಮ್ಮ ಇಷ್ಟು ದೊಡ್ಡ ಕಟ್ಟಡದಲ್ಲಿ ಇರಬಾರದಿತ್ತೇ?

ಮೊದಲಿನಿಂದ ಹೇಳುತ್ತೇನೆ. ಅಕ್ಕ ಹರೆಯದಲ್ಲಿ ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ದುಡಿದವಳು. ಅಲ್ಲಿ ಕೆಲಸ ಮಾಡಿದ ಹೆಂಗಸರ ಅನುಭವವನ್ನು ಅವರ ಬಾಯಿಂದಲೇ ಕೇಳಿ ಇಡಬೇಕೆಂದು ನಿಮ್ಮ ಭಂಡಾರದವರು ಮನೆಮನೆಗೆ ಬಂದರು. ಒಳ್ಳೆಯ ಕೆಲಸವೇ, ನಾನು ಅಲ್ಲ ಅನ್ನುವುದಿಲ್ಲ. ಅಕ್ಕ ಮೊದಲು ಒಪ್ಪಲಿಲ್ಲ. ಆಗ ರೆಕಾರ್ಡಿಂಗ್ ಮಾಡಲು ಬಂದ ಮೇಡಂ ಅವಳ ಕೈ ಹಿಡಿದು, "ನೀವು ಬದುಕಿರೋ ತನಕ ಇದನ್ನ ಹೊರಗಿನವರು ಯಾರೂ ಕೇಳಲ್ಲಮ್ಮಾ, ಒಳಗಿನವರು ಮಾತ್ರ" ಅಂದರು. ಒಳಗಿನವರು ಅಂದರೆ ಯಾರು ಅಂತ ಅಕ್ಕ ಕೇಳಲಿಲ್ಲ. ಎದುರಿಗೆ ಕೂತ ಮೇಡಂ, ಮೈಕು ಹಿಡಿದ ಇನ್ನೊಬ್ಬರು, ಪಕ್ಕದಲ್ಲಿ ನಾನು, ಇಷ್ಟೇ ಜನ ಅಂದುಕೊಂಡಳು. ಆ ಕೋಣೆಯ ಒಳಗೆ ಇದ್ದವರು ಅಷ್ಟೇ ತಾನೇ? ಲಾಂಡ್ರಿಯ ಉಗಿ, ಸುಣ್ಣದ ಹಾಗೆ ಬೆಳ್ಳಗಾದ ಬೆರಳು, ಮೇಸ್ತ್ರಿಯ ಬೈಗುಳ ಎಲ್ಲ ಹೇಳುತ್ತಾ ಹೇಳುತ್ತಾ, ಅಲ್ಲಿಯವರೆಗೆ ನನ್ನೊಬ್ಬಳಿಗೆ ಬಿಟ್ಟು ಯಾರಿಗೂ ಗೊತ್ತಿರದ ಒಂದು ಸಂಗತಿಯನ್ನೂ ಹೇಳಿಬಿಟ್ಟಳು. ಅದು ಅವಳ ಮದುವೆಗೆ ಮುಂಚಿನದು. ಭಾವನಿಗೆ ಗೊತ್ತಿಲ್ಲ, ಮಕ್ಕಳಿಗೆ ಗೊತ್ತಿಲ್ಲ. ಗೊತ್ತಾದರೆ ಆ ಮನೆ ಮನೆಯಾಗಿ ಉಳಿಯುವುದಿಲ್ಲ. ಅದೇನು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಿಮಗೂ ನನಗೂ ಏನು ವ್ಯತ್ಯಾಸ?

ಕೆಲವು ವರ್ಷ ಎಲ್ಲ ಸರಿಯಿತ್ತು. ಅಕ್ಕನಿಗೆ ಒಂದು ಪಾಸ್‌ವರ್ಡ್ ಕೊಟ್ಟಿದ್ದರು. ಭಾವ ಹೊರಗೆ ಹೋದಾಗ ನನ್ನ ಫೋನಿನಲ್ಲಿ ಅದನ್ನು ಒತ್ತಿ, ತನ್ನ ಮಾತನ್ನು ತಾನೇ ಒಂದಿಷ್ಟು ಕೇಳಿ, "ಸಾಕು, ಮುಚ್ಚೇ" ಅನ್ನುತ್ತಿದ್ದಳು. ತಿಜೋರಿಯಲ್ಲಿ ಇಟ್ಟ ಒಡವೆ ಅಲ್ಲೇ ಇದೆಯಾ ಅಂತ ನೋಡಿದ ಹಾಗೆ. ಈಚೆಗೆ ಒಂದು ಸಲ ಒತ್ತಿದರೆ ಒಳಗೆ ಹೋಗಲಿಲ್ಲ. "ಈ ವಿಧಾನ ಚಾಲ್ತಿಯಲ್ಲಿಲ್ಲ. ನಿಮ್ಮ ಸಿಬ್ಬಂದಿ ಗುರುತಿನಿಂದ ಪ್ರವೇಶಿಸಿ" ಅಂತ ಬಂತು. ನಾನು ಓದಿ ಹೇಳಿದೆ.

"ಸಿಬ್ಬಂದಿ ಅಂದ್ರೆ ಯಾರೇ?" ಅಂದಳು ಅಕ್ಕ.

"ಅಲ್ಲಿ ಸಂಬಳ ತಗೊಳ್ಳೋರು ಕಣೇ."

"ಹಾಗಾದ್ರೆ ಪುಕ್ಕಟೆ ಬಾಯಿ ಬಿಟ್ಟೋಳು ನಾನೊಬ್ಳೇ ಅನ್ನು," ಅಂತ ನಕ್ಕಳು. ಹೊಸ ಭದ್ರತೆ ಇರಬೇಕು, ನಮ್ಮಂಥವರಿಗೇ ಸಿಗದಿದ್ದರೆ ಬೇರೆ ಯಾರಿಗೂ ಸಿಗಲಿಕ್ಕಿಲ್ಲ ಅಂತ ಇಬ್ಬರೂ ಸಮಾಧಾನ ಮಾಡಿಕೊಂಡೆವು. ಎಂಥ ಬುದ್ಧಿವಂತರು ನೋಡಿ ನಾವು!

ನಾನು ನಿಮ್ಮ ಕಟ್ಟಡದ ಕ್ಯಾಂಟೀನಿನಲ್ಲೇ ಚಹಾ ಕೊಡುವವಳು. ಅದಾದ ಮೇಲೆ ಒಂದು ದಿನ ಊಟದ ಬಿಡುವು, ನೂಕುನುಗ್ಗಲು. ಕಿಟಕಿ ಪಕ್ಕದ ಮೇಜಿನಲ್ಲಿ ನಾಲ್ಕಾರು ಜನ ಕೂತಿದ್ದರು. ಮೇಲಿನ ಮಹಡಿಯ ಬೇರೆ ಯಾವುದೋ ಆಫೀಸಿನವರು, ಭಂಡಾರಕ್ಕೂ ಅವರಿಗೂ ಗೋಡೆಯ ನಂಟು ಬಿಟ್ಟರೆ ಏನೂ ಇಲ್ಲ. ಒಬ್ಬ ಫೋನನ್ನು ಲೋಟಕ್ಕೆ ಆನಿಸಿ ಇಟ್ಟಿದ್ದ. ತಟ್ಟೆಗಳ ಸದ್ದಿನ ನಡುವೆ ನನ್ನ ಅಕ್ಕನ ದನಿ ಕೇಳಿಸಿತು. ಅಕ್ಕ ಇಲ್ಲಿಗೆ ಯಾಕೆ ಬಂದಳಪ್ಪಾ ಅಂತ ಬಾಗಿಲ ಕಡೆ ನೋಡಿದೆ. ಅವಳಿರಲಿಲ್ಲ.

"ಏ, ಸೌಂಡ್ ಜಾಸ್ತಿ ಮಾಡೋ. ಈ ಅಜ್ಜಿ ಸಖತ್ತಾಗಿ ಮಾತಾಡ್ತಾಳೆ."

"ಇದು ಎಲ್ಲಿಂದ ಸಿಕ್ತೋ ನಿಂಗೆ?"

"ವೈಫೈ ಹಾಕ್ಕೊಂಡು ಭಂಡಾರ ಅಂತ ಒತ್ತಿದ್ರೆ ಸಾಕು, ಎಲ್ಲಾ ಓಪನ್. ಮುಂದೆ ಕೇಳು, ಮುಂದೆ ಇನ್ನೂ ಇದೆ."

ನಾನು ಓಡಿಹೋಗಿ ಆ ಮೇಜು ಒರೆಸುವ ನೆಪದಲ್ಲಿ ಫೋನಿನ ಮೇಲೆ ಒದ್ದೆ ಬಟ್ಟೆ ಹಾಕಿಬಿಟ್ಟೆ. ಬೈಸಿಕೊಂಡೆ. ಅಷ್ಟು ಹೊತ್ತಿಗೆ ಆ ಸಂಗತಿ ಹೇಳಿ ಮುಗಿದಿತ್ತು. ಅವರಲ್ಲಿ ಇಬ್ಬರು ನಕ್ಕಿದ್ದರು. ಮಾನ್ಯರೇ, ನನ್ನಕ್ಕ ನನ್ನನ್ನು ಬಿಟ್ಟು ಬೇರೆಯವರ ಮುಂದೆ ಜನ್ಮದಲ್ಲಿ ಒಂದೇ ಸಲ, ಅಳುತ್ತಾ ಹೇಳಿದ ಮಾತು ಅದು. ಉಪ್ಪಿನಕಾಯಿಯ ಹಾಗೆ ಅದನ್ನು ಊಟದ ಜೊತೆ ನೆಂಚಿಕೊಂಡರು.

ಹೇಗಾಯಿತು ಅಂತ ಕೇಳಲು ಗಣಕ ವಿಭಾಗಕ್ಕೆ ಹೋದೆ. ಅಲ್ಲಿಯ ಇಂಜಿನಿಯರು ಒಳ್ಳೆಯವನು, ದಿನಾ ಸಕ್ಕರೆ ಇಲ್ಲದ ಚಹಾ ಒಯ್ಯುತ್ತಾನೆ. ಅವನೇ ಬಿಡಿಸಿ ಹೇಳಿದ. ಹಳೆಯ ಪಾಸ್‌ವರ್ಡುಗಳು ಸುರಕ್ಷಿತ ಅಲ್ಲ ಅಂತ ಮೇಲಿನಿಂದ ಆದೇಶ ಬಂತಂತೆ. ಅದಕ್ಕೆ ಹೊರಗಿನವರ ಲಾಗಿನ್ ಪೂರಾ ತೆಗೆದರಂತೆ. ಒಳಗಿನವರಿಗೆ ಎರಡು ದಾರಿ ಇಟ್ಟರಂತೆ: ಒಂದು, ಸಿಬ್ಬಂದಿ ಗುರುತು. ಎರಡು, ಜಾಗ.

"ಜಾಗ ಅಂದ್ರೆ ಏನಪ್ಪಾ?"

"ಈ ಬಿಲ್ಡಿಂಗಿನ ಇಂಟರ್ನೆಟ್‌ಗೆ ಒಂದು ಸಾಲು ನಂಬರ್ ಇದೆ ಆಂಟಿ. ಆ ಸಾಲಿನ ಒಳಗಿಂದ ಯಾರು ಬಂದ್ರೂ ಸಿಸ್ಟಮ್ಮು ಕೇಳೋದೇ ಇಲ್ಲ, ಸ್ಟಾಫ್ ಅಂತಾನೇ ಲೆಕ್ಕ. ಪ್ರತಿ ಸಲ ಲಾಗಿನ್ ಆಗೋದು ಕಿರಿಕಿರಿ ಅಂದ್ರು, ಅದಕ್ಕೆ."

"ಕ್ಯಾಂಟೀನೂ ಆ ಸಾಲಲ್ಲಿದೆಯಾ?"

ಅವನು ತಲೆ ಕೆರೆದುಕೊಂಡ. "ಭಂಡಾರದ ಮಹಡಿದು ಮಾತ್ರ ಹಾಕ್ಬೇಕಿತ್ತು. ಇಡೀ ಬಿಲ್ಡಿಂಗಿಂದು ಬಿದ್ಬಿಟ್ಟಿದೆ."

ಬಿದ್ಬಿಟ್ಟಿದೆಯಂತೆ! ಹಣ್ಣೆಲೆ ಮರದಿಂದ ಬೀಳುತ್ತದೆ, ಮಗುವಿನ ಹಲ್ಲು ಬೀಳುತ್ತದೆ. ಇದು ತಾನೇ ಬೀಳುವಂಥದ್ದೇ? ನಮ್ಮ ಕ್ಯಾಂಟೀನಿನ ಬಿಲ್ ಮೆಷಿನ್ನಿಗೂ ಅದೇ ಇಂಟರ್ನೆಟ್ಟು. ಅಂದರೆ ನಿಮ್ಮ ಹೊಸ ಏರ್ಪಾಡಿನ ಪ್ರಕಾರ ನನ್ನ ಅಕ್ಕನ ಗುಟ್ಟು ಕೇಳುವ ಹಕ್ಕು ಬಿಲ್ ಮೆಷಿನ್ನಿಗಿದೆ, ಅಕ್ಕನಿಗಿಲ್ಲ. ಹೇಳಿದವಳು ಹೊರಗಿನವಳು, ಬನ್ನು ತಿನ್ನಲು ಬಂದವನು ಒಳಗಿನವನು. ಮನುಷ್ಯರ ಗುರುತು ಹಿಡಿಯುವುದು ಕಷ್ಟ ಅಂತ ಕುರ್ಚಿಗಳ ಗುರುತು ಹಿಡಿದು ಕೂತಿದ್ದೀರಲ್ಲ, ನಿಮಗೆ ನಾಚಿಕೆ ಆಗುವುದಿಲ್ಲವೇ? ಪ್ರತಿ ಸಲ ಹೆಸರು ಹೇಳಿ ಒಳಗೆ ಹೋಗುವುದು ಕಿರಿಕಿರಿಯಂತೆ. ಯಾರ ಕಿರಿಕಿರಿಗೆ ಯಾರ ಬದುಕನ್ನು ಬೆಲೆಯಾಗಿ ಕೊಟ್ಟಿರಿ?

ನಿಮ್ಮನ್ನು ಕಾಣಲು ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ. ಆ ಮೀಟಿಂಗಿಗೆ ಚಹಾ ತಂದುಕೊಟ್ಟವಳೂ ನಾನೇ. ಲೋಟ ಇಡುವಾಗ ಬಾಯಿ ತೆರೆದೆ, ನೀವು "ಅಲ್ಲೇ ಇಡಿ" ಅಂದಿರಿ. ಆಮೇಲೆ ಬರೆದು ಕೊಟ್ಟ ದೂರಿಗೆ ನಿಮ್ಮ ಕಚೇರಿಯಿಂದ ಉತ್ತರ ಬಂತು: "ಪ್ರವೇಶ ವಿಧಾನಗಳ ಸಂರಚನೆಯು ನಿಯಮಾನುಸಾರವಾಗಿಯೇ ಇರುತ್ತದೆ." ಸಂರಚನೆ ಅನ್ನುವ ಪದದ ಅರ್ಥ ನನಗೆ ಗೊತ್ತಿರಲಿಲ್ಲ, ಕೇಳಿ ತಿಳಿದುಕೊಂಡೆ. ಯಾವ ಬಾಗಿಲು ಯಾರಿಗೆ ಅಂತ ಮೊದಲೇ ಕೂತು ನಿಶ್ಚಯಿಸಿ ಇಡುವುದಂತೆ. ಹಾಗಾದರೆ ಇದನ್ನು ಕೂತು ನಿಶ್ಚಯಿಸಿದವರು ಯಾರು? ಅವರ ಮನೆಯ ಹೆಂಗಸರ ಮಾತು ಆ ಭಂಡಾರದಲ್ಲಿ ಇದ್ದಿದ್ದರೆ ಬೆರಳು ಇಷ್ಟು ಸಲೀಸಾಗಿ ಓಡುತ್ತಿತ್ತೇ?

ಅಕ್ಕನಿಗೆ ಹೇಳಲೋ ಬೇಡವೋ ಅಂತ ಒದ್ದಾಡಿಹೋದೆ. ಕೊನೆಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಒಂದು ಅಂಗಿಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದಳು.

"ನಮ್ಮೋರು ಯಾರಾದ್ರೂ ಇದ್ರಾ ಅಲ್ಲಿ?"

"ಇಲ್ಲ ಕಣೇ."

"ನಕ್ಕರಾ?"

"ಇಲ್ಲ" ಅಂದೆ.

ಅವಳು ನನ್ನ ಮುಖ ನೋಡಿ, "ಬಿಡು, ನಿಂಗೆ ಸುಳ್ಳು ಹೇಳೋಕೆ ಬರಲ್ಲ" ಅಂದಳು. ಅವತ್ತಿನಿಂದ ಭಾವನಿಗೆ ಫೋನ್ ಬಂದರೆ ಸಾಕು, ಅವಳ ಮುಖ ಬಿಳಿಚಿಕೊಳ್ಳುತ್ತದೆ. ಭಾವನ ಕಡೆಯವರು ನಿಮ್ಮ ಕಟ್ಟಡಕ್ಕೆ ಬಂದುಹೋಗುವವರಿದ್ದಾರೆ. ಬಂದವರು ಚಹಾ ಕುಡಿಯದೆ ಹೋಗುತ್ತಾರೆಯೇ? ಬಾಗಿಲಲ್ಲಿ ನೆರಳು ಬಿದ್ದರೆ ನಾನು ಕೌಂಟರಿನಿಂದ ಬಗ್ಗಿ ನೋಡುತ್ತೇನೆ. ಈ ಪತ್ರ ಬರೆಯುವ ಮೊದಲು ಅಕ್ಕನನ್ನು ಕೇಳಿದೆ. "ಬರಿ. ನನ್ನ ಹೆಸರು ಬೇಡ, ಆದ್ರೆ ಬರಿ. ನನ್ನ ಹಾಗೆ ಇನ್ನೂ ಎಷ್ಟು ಜನ ಆ ಮೈಕಿನ ಮುಂದೆ ಅತ್ತಿದ್ದಾರೋ," ಅಂದಳು. ಗುರುತು ಸಿಗದಂತೆ ಅಲ್ಲಲ್ಲಿ ಊರು, ಕೆಲಸ, ನಂಟು ಎಲ್ಲ ತಿರುಗಿಸಿಯೇ ಬರೆದಿದ್ದೇನೆ. ನೀವು ಮಾಡದೆ ಹೋದ ಜೋಪಾನವನ್ನು ನಾನಾದರೂ ಮಾಡಬೇಕಲ್ಲ.

ಈಗ ನನ್ನ ಬೇಡಿಕೆ. ಮುಚ್ಚಿಡುತ್ತೇವೆಂದು ಹೇಳಿ ಪಡೆದ ಯಾವ ಮಾತಿಗೂ ಜಾಗ ನೋಡಿ ಬಾಗಿಲು ತೆಗೆಯುವ ವಿಧಾನ ಬೇಡ, ಇವತ್ತೇ ಕಿತ್ತುಹಾಕಿ. ಕೇಳುವವರು ಯಾರೇ ಇರಲಿ, ನೀವೇ ಇರಿ, ಹೆಸರು ಹೇಳಿ ಒಳಗೆ ಹೋಗಲಿ, ಹೋದದ್ದು ದಾಖಲಾಗಲಿ. ಮೈಕಿನ ಮುಂದೆ ಮಾತಾಡಿದವರಿಗೆ ಅವರವರ ಮಾತಿನ ಬಾಗಿಲನ್ನು ವಾಪಸ್ ಕೊಡಿ. ಸಿಬ್ಬಂದಿ ಅಲ್ಲದವರಿಗೂ ಒಂದು ಗುರುತು ಮಾಡಿಕೊಡಲು ಆಗುತ್ತದೆ, ಮನಸ್ಸಿಲ್ಲ ಅಷ್ಟೇ ಅಂತ ನಿಮ್ಮ ಇಂಜಿನಿಯರೇ ಹೇಳಿದ್ದಾನೆ. ಮತ್ತೆ, ಆ ಹೆಂಗಸರ ಮನೆಗೆ ನೀವೇ ಹೋಗಿ ಏನಾಯಿತು ಅಂತ ಹೇಳಿ. ಕಾಗದ ಕಳಿಸಬೇಡಿ, ಕಾಗದವನ್ನು ಮನೆಯಲ್ಲಿ ಬೇರೆಯವರು ಒಡೆಯುತ್ತಾರೆ. ಅಕ್ಕನ ಮನೆಗೆ ಬರುವುದಾದರೆ ಮೊದಲು ನನ್ನನ್ನು ಕೇಳಿ ಬನ್ನಿ.

ಕೊನೆಯದಾಗಿ ಒಂದು ವಿಷಯ. ನಾನು ಅಳುವುದು ನೋಡಲಾರದೆ ಇಂಜಿನಿಯರು ಅಕ್ಕನ ಧ್ವನಿಗೆ ಬೀಗ ಹಾಕಿ, "ಆಯ್ತು ಆಂಟಿ, ಇನ್ನು ನಿಶ್ಚಿಂತೆಯಿಂದಿರಿ" ಅಂದ. ನನಗೆ ನಿಶ್ಚಿಂತೆ ಎಲ್ಲಿಂದ ಬರಬೇಕು? ಇವತ್ತು ಬೆಳಿಗ್ಗೆ ಕೌಂಟರಿನಲ್ಲೇ ನಿಂತು, ಹುಡುಕುವ ಜಾಗದಲ್ಲಿ ಅಕ್ಕ ಆಡಿದ್ದ ಒಂದು ಮಾತನ್ನು ಒತ್ತಿ ನೋಡಿದೆ. ಧ್ವನಿ ಬರಲಿಲ್ಲ. ಬೀಗದ ಚಿತ್ರ ಬಂತು. ಆದರೆ ಬೀಗದ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಬಂದವು. ಯಾರೋ ಕೇಳಿ ಟೈಪ್ ಮಾಡಿಟ್ಟದ್ದಿರಬೇಕು, ಸಾಲುಗಳು ಅಕ್ಕನವೇ. ನನ್ನ ಫೋನು ಹಳೆಯದನ್ನು ನೆನಪಿಟ್ಟುಕೊಂಡು ತೋರಿಸಿತೋ, ನಿಜವಾಗಿಯೂ ಅಲ್ಲಿ ಇವೆಯೋ ನನಗೆ ತಿಳಿಯುತ್ತಿಲ್ಲ. ದಯವಿಟ್ಟು ಅದೊಂದನ್ನು ಇನ್ನೊಮ್ಮೆ ನೋಡಿ. ಊಟದ ಬಿಡುವಿಗೆ ಮುಂಚೆ ನೋಡಿ.

ಇಂತಿ,
ಹೆಸರು ಹಾಕಿದರೆ ಅಕ್ಕನ ಹೆಸರನ್ನೂ ಹಾಕಿದಂತಾಗುತ್ತದೆ ಎಂದು ಬರೀ ತಂಗಿಯಾಗಿ ಉಳಿದವಳು